ಬಾಯಿ ತೆರೆದ ಕೌದಿಗಳು

ಸಿಂದಗಿ
ಗುರುವಾರ, 12 ಡಿಸೆಂಬರ್ 2024

ಪ್ರೀತಿಯ ಅವ್ವನಿಗೆ,

ಅಸ್ಸಲಾಮು ಅಲೈಕುಂ. ಮೊದಲು ಕನ್ನಡಕ ಹಾಕಿಕೋ. ಅಕ್ಕನ ಕೈಗೆ ಈ ಕಾಗದ ಕೊಡಬೇಡ. ಅವಳು ಓದಿ ಹೇಳುವಾಗ ಅರ್ಧ ನುಂಗುತ್ತಾಳೆ, ಇನ್ನರ್ಧ ತನ್ನದೇ ಸೇರಿಸುತ್ತಾಳೆ. ನೀನು ಸಾಲೋಟಗಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತವಳು, ನಿಧಾನವಾಗಿ ನೀನೇ ಓದು. ಅದಕ್ಕೆಂದೇ ಅಕ್ಷರ ದಪ್ಪ ದಪ್ಪ ಬರೆದಿದ್ದೇನೆ.

ಫೋನ್ ಮಾಡಿದರೆ ನೀನು ತೆಗೆಯುವುದಿಲ್ಲ. ಅಕ್ಕ ತೆಗೆದು ಪ್ರತಿ ಸಲವೂ "ಅವ್ವ ನಮಾಜಿಗೆ ಕುಂತಾಳ" ಅನ್ನುತ್ತಾಳೆ. ಬೆಳಗಿನಿಂದ ಸಂಜೆತನಕ ನಮಾಜಿಗೆ ಕುಳಿತವಳು ಊಟ ಯಾವಾಗ ಮಾಡುತ್ತಾಳೋ ಅಂತ ನನಗೆ ಚಿಂತೆ ಹತ್ತಿದೆ! ನನ್ನ ಪುಣ್ಯಕ್ಕೆ ಇವತ್ತು ಅಕ್ಕನ ಗಂಡ ಮೈಬೂಬ ಮಾಮಾ ಸಿಂದಗಿಗೆ ಬಂದರು. ಸಂಜೆ ಬಸ್ಸಿಗೆ ತಾಳಿಕೋಟೆಗೆ ಮರಳಿದ ಕೂಡಲೇ ಈ ಕಾಗದ ನಿನ್ನ ಕೈಯಲ್ಲೇ ಇಡುವುದಾಗಿ ಮಾತು ಕೊಟ್ಟಿದ್ದಾರೆ. ಈಗ ಎದುರಿಗೇ ಕುಳಿತು ಚಹಾ ಕುಡಿಯುತ್ತಾ "ಲಗೂ ಬರಿ, ಬಸ್ ಹೋಗತೈತಿ" ಅಂತ ನನ್ನ ಜೀವ ತಿನ್ನುತ್ತಿದ್ದಾರೆ.

ಅವ್ವಾ, ಇಲ್ಲಿ ಏನೇನಾಗಿದೆ ಅಂತ ಹೇಗೆ ಹೇಳಲಿ! ಸಂತೋಷದ ಸುದ್ದಿ ಇದೆ, ಫಜೀತಿಯ ಸುದ್ದಿಯೂ ಇದೆ, ಎರಡಕ್ಕೂ ನೀನೇ ಕಾರಣ. ಪೆನ್ನು ನಿಲ್ಲುತ್ತಿಲ್ಲ. ಮೊದಲು ಸಂತೋಷದ್ದು ಹೇಳುತ್ತೇನೆ, ಇಲ್ಲದಿದ್ದರೆ ನೀನು ಅರ್ಧಕ್ಕೇ ಕಾಗದ ಮಡಚಿ ಇಡುತ್ತೀ.

ಆವತ್ತು ನೀನು ಸಿಟ್ಟಿನಲ್ಲಿ ಚೀಲ ಹಿಡಿದು ಅಕ್ಕನ ಊರಿನ ಬಸ್ ಹತ್ತಿದೆ. ಆ ಟ್ಯಾಬಿನೊಳಗಿನ ಆ್ಯಪ್ ಏನು ಮಾಡುತ್ತದೆ ಅಂತ ನಾನು ಹೇಳುವುದನ್ನು ಪೂರ್ತಿ ಕೇಳಲೇ ಇಲ್ಲ. ಈಗ ಕೇಳು. ಪುಣೆಯ ಅಂಗಡಿಯವರು ನಮ್ಮ ಹೆಂಗಸರ ಸಂಘಕ್ಕೆ ಹೊದೆಯುವ ಕೌದಿ ರಾಶಿಗಟ್ಟಲೆ ಬೇಕು ಅಂದಾಗ ಒಂದೇ ಶರತ್ತು ಹಾಕಿದ್ದರು, ಎಲ್ಲಾ ಕೌದಿಗಳೂ ಒಂದೇ ಕೈಯವು ಅನ್ನಿಸಬೇಕು ಅಂತ. ಅಷ್ಟು ಕೌದಿಗೆ ಸಿಂದಗಿಯ ಹೆಂಗಸರಷ್ಟೇ ಸಾಲುವುದಿಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೂ ಸೇರಬೇಕು. ಒಬ್ಬೊಬ್ಬರ ಹೊಲಿಗೆ ಒಂದೊಂದು ತರಹ. ನಿನ್ನನ್ನು ನಾಲ್ಕು ಊರಿಗೆ ಹರಿದು ಹಂಚಲು ಬರುವುದಿಲ್ಲವಲ್ಲ! ಅದಕ್ಕೇ ನಮ್ಮ ಮ್ಯಾನೇಜರ್ ಸಿದ್ದಾರೂಢ ಸರ್ ಆ ಟ್ಯಾಬ್ ತಂದು ನನ್ನ ಕೈಗೆ ಕೊಟ್ಟದ್ದು.

ನೀನು ಹೊಲಿಯುವುದನ್ನು ನಾನು ಸ್ಟೂಲಿನ ಮೇಲೆ ನಿಂತು ವಿಡಿಯೋ ಹಿಡಿದೆ, ನೆನಪಿದೆಯಲ್ಲ? ಆ್ಯಪ್ ಆ ವಿಡಿಯೋವನ್ನು ತಾನೇ ತುಂಡು ತುಂಡು ಮಾಡುತ್ತದೆ. ಎಲ್ಲಿ ನಿನ್ನ ಕೈ ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುತ್ತದೋ ಅಲ್ಲಿ ಕತ್ತರಿಸಿ, ಅದೊಂದು ಹಂತ ಅನ್ನುತ್ತದೆ. ಪ್ರತಿ ಹಂತಕ್ಕೂ ಒಂದು ಫೋಟೋ, ಫೋಟೋದ ಮೇಲೆ ಕೆಂಪು ಬಾಣ, ಕೆಳಗೆ ಒಂದು ಸಾಲು ಕನ್ನಡ. ಓದಲು ಬಾರದವರು ಬೆರಳಿಟ್ಟರೆ ಓದಿಯೂ ಹೇಳುತ್ತದೆ, ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನ ಹಾಗೆ! ಹಳೆಯ ಸೀರೆ ಹರಿಯುವುದರಿಂದ ಹಿಡಿದು ಕೊನೆಯ ಗಂಟಿನವರೆಗೆ ನಿನ್ನ ಕೆಲಸವೆಲ್ಲ ಸಾಲಾಗಿ ನಿಂತುಬಿಟ್ಟಿತು. ನಾನು ಕುಳಿತಲ್ಲೇ ಚಪ್ಪಾಳೆ ಹೊಡೆದೆ, ಆಫೀಸಿನವರೆಲ್ಲ ತಿರುಗಿ ನೋಡಿದರು.

ಆದರೆ ಯಾವುದು ಕೆಲಸ, ಯಾವುದು ಅಭ್ಯಾಸ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅದೊಂದು ತಮಾಷೆ. ನೀನು ಹೊಲಿಯುತ್ತಾ ಮಾತಾಡಿದ್ದನ್ನೂ ಕೇಳಿಸಿಕೊಂಡು, ಅಂಚು ಮಡಚುವ ಫೋಟೋದ ಕೆಳಗೆ "ಸೂಚನೆ: ರೇವಣಪ್ಪನವರ ಸೊಸೆ ಮತ್ತೆ ತವರುಮನೆಗೆ ಹೋಗಿದ್ದಾಳೆ" ಅಂತ ಬರೆದಿತ್ತು! ಅಳಿಸದೆ ಬಿಟ್ಟಿದ್ದರೆ ನಾಲ್ಕು ತಾಲೂಕಿಗೆ ಡಂಗುರ ಸಾರಿದ ಹಾಗಾಗುತ್ತಿತ್ತು. "ಸೂಜಿಯನ್ನು ತಲೆಗೂದಲಿಗೆ ಉಜ್ಜಿ" ಅಂತ ಬರೆದಿತ್ತು. ಸೂಜಿ ಸರಾಗ ಜಾರಲೆಂದು ನೀನು ಮಾಡುವುದೇ ಅದು, ಇರಲಿ ಅಂತ ಬಿಟ್ಟೆ. ಅವಸರದಲ್ಲಿ "ಕನ್ನಡಕವನ್ನು ಮೇಲಕ್ಕೆ ಸರಿಸಿ" ಅನ್ನುವ ಹಂತವೂ ಉಳಿದುಹೋಗಿ ಇಂಡಿಯವರ ಟ್ಯಾಬಿಗೆ ಹೋಗಿಬಿಟ್ಟಿತು. ನಾನು ಅಲ್ಲಿಗೆ ಹೋದಾಗ ನೋಡುತ್ತೇನೆ, ಕನ್ನಡಕ ಇಲ್ಲದವರೂ ಸೂಜಿಗೆ ದಾರ ಪೋಣಿಸಿ, ಮೂಗು ಮುಟ್ಟಿಕೊಂಡು, ಆಮೇಲೆ ಹೊಲಿಯಲು ಶುರು ಮಾಡುತ್ತಿದ್ದಾರೆ. ಯಾಕೆ ಅಂತ ಕೇಳಿದರೆ, "ಹಿಂಗ ಮಾಡಬೇಕಂತ ಐತಲ್ರಿ" ಅಂದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಅವರ ಕೈ ನೋಡಿದ ಮೇಲೆ ನನ್ನ ನಗು ನಿಂತಿತು. ನೀನು ಅಂಚು ಮಡಚುವಾಗ ಕಿರುಬೆರಳು ಎತ್ತುತ್ತೀ. ಹುಟ್ಟಿದಾಗಿನಿಂದ ನೋಡಿದ್ದೇನೆ, ನನಗೆ ಇದುವರೆಗೂ ಬಂದಿಲ್ಲ. ಅಲ್ಲಿ ನಿನ್ನನ್ನು ಕಂಡು ಕೇಳಿ ಗೊತ್ತಿಲ್ಲದ ಹೆಂಗಸರು, ಹೋದ ತಿಂಗಳವರೆಗೂ ನಿಂಬೆಹಣ್ಣು ಆರಿಸಿ ಚೀಲ ತುಂಬುತ್ತಿದ್ದವರು, ಸಾಲಾಗಿ ಕುಳಿತು ಕಿರುಬೆರಳು ಎತ್ತಿ ಅಂಚು ಮಡಚುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಬಾಗೇವಾಡಿಗೆ ಹೋದೆ, ಅಲ್ಲೂ ಅದೇ. ನಾಲ್ಕೂ ಊರಿನ ಕೌದಿಗಳನ್ನು ಒಂದರ ಪಕ್ಕ ಒಂದು ಹಾಸಿ, ಯಾವುದು ಎಲ್ಲಿಯದು ಹೇಳಿ ನೋಡೋಣ ಅಂತ ಸರ್ ನನ್ನನ್ನು ಪರೀಕ್ಷೆ ಮಾಡಿದರು. ಒಂದನ್ನೂ ಸರಿಯಾಗಿ ಹೇಳಲಾಗಲಿಲ್ಲ! ಪರೀಕ್ಷೆಯಲ್ಲಿ ನಪಾಸಾಗಿ ಕುಣಿದವಳು ನಾನೊಬ್ಬಳೇ ಇರಬೇಕು.

ಇನ್ನು ಫಜೀತಿ. ಸ್ವಲ್ಪ ನೀರು ಕುಡಿದು ಓದು.

ಪುಣೆಯ ಅಂಗಡಿಯ ಒಡತಿ ನಮ್ಮ ಮೊದಲ ಗಂಟು ಬಿಚ್ಚಿ, ಒಂದು ಕೌದಿಯನ್ನು ಮಂಚದ ಮೇಲೆ ಹಾಸಿ, ಹೇಗಿದೆ ನೋಡೋಣ ಅಂತ ಮೇಲೆ ಕುಳಿತರಂತೆ. ಮೂಲೆಯಲ್ಲಿ ಕಟಕ್ ಅಂತ ಸಪ್ಪಳವಾಯಿತಂತೆ. ಸೂಜಿಯೇ ಮುರಿದು ಒಳಗುಳಿದಿದೆ ಅಂತ ಹೆದರಿ ಹೊಲಿಗೆ ಬಿಚ್ಚಿಸಿದರೆ ಒಳಗೆ ಏನು? ಜೋಳದ ಖಡಕ್ ರೊಟ್ಟಿಯ ಚೂರು! ಇನ್ನೊಂದು ಬಿಚ್ಚಿದರು, ಅದರಲ್ಲಿ ಸಜ್ಜೆ ರೊಟ್ಟಿ. ಮತ್ತೊಂದರಲ್ಲಿ ಬೆಲ್ಲ ಸವರಿದ ರೊಟ್ಟಿ, ಅದಕ್ಕೆ ಮುತ್ತಿದ ಇರುವೆ. ಬಾಗೇವಾಡಿಯದರಲ್ಲಂತೂ ಹೋಳಿಗೆ! ಅಲ್ಲಿ ಯಾರದೋ ಮನೆಗೆ ಬೀಗರು ಬಂದಿದ್ದರಂತೆ. ಎಣ್ಣೆ ಇಳಿದು ಬಟ್ಟೆಗೆ ಕಲೆ ಬೇರೆ. ಗಂಟಿಗೆ ಗಂಟೇ ವಾಪಸ್ ಬಂತು.

ನಿನಗೆ ಇಷ್ಟರಲ್ಲೇ ತಿಳಿದಿರಬೇಕು. ನಗು ಬರುತ್ತಿದೆಯೋ ಸಿಟ್ಟು ಬರುತ್ತಿದೆಯೋ ನನಗಂತೂ ಗೊತ್ತಿಲ್ಲ. ನೀನು ಒಂದು ಮೂಲೆಯನ್ನು ಕಡೆಯತನಕ ಹೊಲಿಯದೆ ಬೆರಳು ಹೋಗುವಷ್ಟು ಬಿಟ್ಟಿರುತ್ತೀ. ಅದು ಕೌದಿಯ ಬಾಯಿ. ಯಾರ ಮನೆಯಲ್ಲಿ ಕುಳಿತು ಹೊಲಿಯುತ್ತೀಯೋ ಆ ಮನೆಯಾಕೆ ಅಡುಗೆಮನೆಯಿಂದ ರೊಟ್ಟಿಯ ಚೂರು ತಂದುಕೊಡಬೇಕು, ಅದನ್ನು ಒಳಗಿಟ್ಟ ಮೇಲೆಯೇ ನೀನು ಬಾಯಿ ಮುಚ್ಚುವುದು. ಕೌದಿಯನ್ನು ಉಪವಾಸ ಬಿಡಬಾರದು ಅನ್ನುವ ನಿನ್ನ ಹಟ ಸಿಂದಗಿಯ ಅರ್ಧ ಊರಿಗೆ ಗೊತ್ತು. ವಿಡಿಯೋ ಹಿಡಿದ ದಿನವೂ ನೀನು ನಿನ್ನ ಬುತ್ತಿ ಬಿಚ್ಚಿ ಒಂದು ಚೂರು ಇಟ್ಟೆ. ಆ್ಯಪ್ ಅದನ್ನೂ ಒಂದು ಹಂತ ಮಾಡಿತು. "ಮೂಲೆಯ ತೆರೆದ ಭಾಗದಲ್ಲಿ ಆಹಾರದ ಸಣ್ಣ ತುಂಡನ್ನು ಇರಿಸಿ. ನಂತರ ಹೊಲಿದು ಮುಚ್ಚಿ." ಎಷ್ಟು ಶುದ್ಧ ಕನ್ನಡ ನೋಡು! ಆಹಾರ ಅಂದರೆ ಯಾವ ಆಹಾರ ಅಂತ ಅದೇನು ಬಲ್ಲದು? ಒಬ್ಬೊಬ್ಬರು ತಮ್ಮ ತಮ್ಮ ಬುತ್ತಿಯಲ್ಲಿ ಇದ್ದದ್ದನ್ನು ಇಟ್ಟರು.

ಸಿದ್ದಾರೂಢ ಸರ್ ಟ್ಯಾಬನ್ನು ನನ್ನ ಮುಂದೆ ಕುಕ್ಕಿ, "ಏನ್ರಿ ನಸ್ರೀನ, ಕೌದಿ ಮಾಡೂದು ಕಲಸ್ರಿ ಅಂದ್ರ ಕೌದಿಗೆ ಊಟಕ್ಕ ಹಾಕೀರಲ್ರಿ!" ಅಂದರು. ಆ್ಯಪ್ ತಾನೇ ಸೇರಿಸಿಬಿಟ್ಟಿದೆ ಸರ್ ಅಂದೆ. ಅವರು ನಂಬಿದರು.

ಚೂರು ತೆಗೆದು, ಮತ್ತೆ ಹೊಲಿದು ಕಳಿಸಿದರೆ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯುತ್ತದೆ! ನಾಲ್ಕೂ ಊರಲ್ಲಿ ಬಾಯಿ ಬಿಚ್ಚಿದರು, ಕೊಡವಿದರು, ಕಲೆ ತೊಳೆದು ಬಿಸಿಲಿಗೆ ಹಾಕಿದರು. ಇನ್ನು ಮುಚ್ಚಿರಿ ಅಂದರೆ ಯಾರೂ ಸೂಜಿ ಎತ್ತಲಿಲ್ಲ. ಇದನ್ನು ಶುರು ಮಾಡಿದವಳು ಮುದ್ದೇಬಿಹಾಳದ ಶಂಕ್ರೆವ್ವ. ನಿನ್ನ ವಯಸ್ಸಿನವಳೇ, ಹಟವೂ ನಿನ್ನಷ್ಟೇ. ಸರ್ ಫೋನಿನಲ್ಲಿ ಹೇಳಿ ಸೋತು ನನ್ನನ್ನು ಓಡಿಸಿದರು. ಹೋದ ಕೂಡಲೇ ಅವಳು ನನ್ನನ್ನು ಕೂರಿಸಿ, ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ ಹಾಕಿ, ಹೊಟ್ಟೆ ಬಿರಿಯುವಷ್ಟು ಉಣ್ಣಿಸಿದಳು. ಕೈ ತೊಳೆದ ಮೇಲೆ, "ನಿನ್ನ ಖಾಲಿ ಹೊಟ್ಟಿಲೆ ಕಳಸಿದ್ರ ನನಗ ನಿದ್ದಿ ಬರ್ತಿತ್ತೇನ? ಆ ಕೌದಿ ಬಾಯಾಗ ಇಟ್ಟ ತುತ್ತು ನಮ್ಮ ಕೈಲೆ ಕಸಗೊಂಡೇವಿ. ಈಗ ಬಾಯಿ ಹೊಲದ ಕಳಸು ಅಂದ್ರ ಕೈ ಏಳೂದಿಲ್ಲ ತಂಗಿ" ಅಂದಳು.

ನಾನು ಅಲ್ಲೇ ಕುಳಿತು ಟ್ಯಾಬಿನಿಂದ ಆ ಹಂತ ಅಳಿಸಿದೆ. ಇಲ್ಲಿ ಒಮ್ಮೆ ಒತ್ತಿದರೆ ನಾಲ್ಕೂ ಊರಿನ ಟ್ಯಾಬಿನಲ್ಲಿ ಬದಲಾಗುತ್ತದೆ ನೋಡು ಅಂತ ಎಷ್ಟು ಹೆಮ್ಮೆಯಿಂದ ತೋರಿಸಿದೆ! ಅವಳು ನೋಡಿದಳು. "ಡಬ್ಬ್ಯಾಗಿಂದ ಅಳಸಿದಿ. ನಮ್ಮ ತಲ್ಯಾಗಿಂದ ಹೆಂಗ ಅಳಸ್ತಿ?" ಅಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಎದುರು ಕುಳಿತಷ್ಟು ಹೊತ್ತೂ ನಿನ್ನ ಎದುರೇ ಕುಳಿತ ಹಾಗಿತ್ತು.

ಈಗ ಕೌದಿಗಳೆಲ್ಲ ಒಂದೊಂದು ಮೂಲೆ ತೆರೆದುಕೊಂಡು ಬಿದ್ದಿವೆ. ಸೋಮವಾರ ಪುಣೆಯವರು ತಾವೇ ಸಿಂದಗಿಗೆ ಬಂದು ನೋಡುತ್ತಾರಂತೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಮಶೀನಿನಲ್ಲಿ ಹೊಲಿಸುತ್ತಾರೆ. ಇಷ್ಟೂ ಹೆಂಗಸರು ಮನೆಗೆ, ಟ್ಯಾಬುಗಳು ವಾಪಸ್, ನಾನೂ ಮನೆಗೆ. ಅವ್ವಾ, ನನಗೆ ಈ ಕೆಲಸ ಬೇಕು. ಇಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದು ಸಿಕ್ಕಿಲ್ಲ, ಸಿಗುವುದೂ ಇಲ್ಲ. ಒಬ್ಬರ ಕೈಯಲ್ಲಿ ಇದ್ದದ್ದನ್ನು ಬಿಡಿಸಿ ಬಿಡಿಸಿ ಇಟ್ಟು, ಅದು ಗುರುತು ಪರಿಚಯ ಇಲ್ಲದವರ ಕೈಗೆ ಹತ್ತಿದ್ದನ್ನು ನೋಡುವುದಿದೆಯಲ್ಲ, ಅದರ ಮುಂದೆ ನನಗೆ ಯಾವ ಹಬ್ಬವೂ ಬೇಡ.

ಹಾಗಾದರೆ ಏನು ಮಾಡೋಣ ಅಂತ ಕೊನೆಗೆ ಶಂಕ್ರೆವ್ವನನ್ನೇ ಕೇಳಿದೆ. ಅವಳು ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡು, ಫೋಟೋದಲ್ಲಿದ್ದ ನಿನ್ನ ಕೈ ಮೇಲೆ ಬೆರಳಿಟ್ಟಳು. "ಈಕಿ ಹೇಳಲಿ. ಖಾಲಿ ಮುಚ್ಚು ಅಂದ್ರ ಮುಚ್ತೇವಿ, ಬ್ಯಾರೆ ಏನರ ಇಡು ಅಂದ್ರ ಇಡ್ತೇವಿ. ಸಾಹೇಬ್ರ ಮಾತೂ ಕೇಳೂದಿಲ್ಲ, ನಿನ್ನ ಮಾತೂ ಕೇಳೂದಿಲ್ಲ" ಅಂದಳು. ಇಂಡಿಗೆ ಫೋನ್ ಮಾಡಿದೆ, ಬಾಗೇವಾಡಿಗೆ ಮಾಡಿದೆ, ನಮ್ಮ ಸಿಂದಗಿಯವರನ್ನೂ ಕೇಳಿದೆ. ಎಲ್ಲರದೂ ಒಂದೇ ಮಾತು, ಟ್ಯಾಬಿನವ್ವ ಬರಲಿ. ಹೊರಗಿನ ಊರಿನವರಿಗೆ ನಿನ್ನ ಹೆಸರು ಗೊತ್ತಿಲ್ಲ, ಅದಕ್ಕೆ ಹಾಗೆ ಕರೆಯುತ್ತಾರೆ.

ಹೋಗುವ ಮುಂಚೆ ನೀನು ಮೊದಲ ನಾಲ್ಕು ಫೋಟೋ ನೋಡಿ ಏನಂದೆ ಅಂತ ನಾನು ಮರೆತಿಲ್ಲ. "ಕೈ ಅಷ್ಟ ತಗೊಂಡೀರಿ, ಮಾರಿ ಇಲ್ಲ. ಇನ್ನ ನನ್ನ ಯಾರ ಕರೀತಾರ?" ನಾನೋ, ಆ್ಯಪ್ ಮುಖ ಬಿಟ್ಟು ಕೈಯನ್ನಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ ಅಂತ ಪಾಠ ಹೇಳಲು ಹೋದೆ, ದಡ್ಡಿ! ಮನೆಯಿಂದ ಮನೆಗೆ ಕರೆಸಿಕೊಂಡು ಹೋಗುವುದು, ಅಂಗಳದಲ್ಲಿ ಕುಳಿತು ಹೊಲಿಯುತ್ತಾ ಆ ಮನೆಯ ಸುಖದುಃಖ ಕೇಳುವುದು, ಅವರ ತಾಟಿನಲ್ಲಿ ಉಣ್ಣುವುದು, ಅದೇ ನಿನ್ನ ಜೀವ. ಡಬ್ಬಿ ಎಲ್ಲರಿಗೂ ಕಲಿಸಿಬಿಟ್ಟರೆ ಬಾಗಿಲಿಗೆ ಯಾರೂ ಬರುವುದಿಲ್ಲ ಅಂತ ಹೆದರಿದೆ. ಈಗ ನೋಡು, ನಾಲ್ಕು ಊರಿನವರು ಕರೆಯುತ್ತಿದ್ದಾರೆ, ನೀನು ಮಾತ್ರ ನಮಾಜಿಗೆ ಕುಳಿತಿದ್ದೀ!

ಬಾ ಅವ್ವಾ. ಏನು ಇಡಬೇಕು ಹೇಳು, ಇಲ್ಲವೇ ಏನೂ ಬೇಡ ಅಂತ ಹೇಳು. ನೀನು ಹೇಳಿದ್ದನ್ನು ಅಲ್ಲೇ ವಿಡಿಯೋ ಹಿಡಿದು ನಾಲ್ಕೂ ಕಡೆ ಕಳಿಸುತ್ತೇನೆ. ನೀನಿಲ್ಲದೆ ಮನೆ ಬಣಬಣ ಅನ್ನುತ್ತಿದೆ. ನಾನು ಮಾಡಿದ ಪಲ್ಯ ನನಗೇ ಸೇರುವುದಿಲ್ಲ. ಮಾಮಾ ಎದ್ದು ಚೀಲ ಹೆಗಲಿಗೇರಿಸಿದರು, ಇನ್ನು ಬರೆಯಲು ಬಿಡುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ ಸಣ್ಣ ಮಗಳು,
ನಸ್ರೀನ

ತಾ.ಕ.: ಆ್ಯಪ್ ತಾನೇ ಸೇರಿಸಿತು ಅಂತ ಸರ್‌ಗೆ ಹೇಳಿದೆನಲ್ಲ, ಅದು ಸುಳ್ಳು. ಪ್ರತಿ ಹಂತಕ್ಕೂ ಅದು "ಇದು ಕೆಲಸದ ಭಾಗವೇ?" ಅಂತ ಕೇಳುತ್ತದೆ. ಕನ್ನಡಕದ್ದಕ್ಕೆ ನೋಡದೆ ಹೌದು ಒತ್ತಿದ್ದೆ. ರೊಟ್ಟಿಯದಕ್ಕೆ ನೋಡಿಯೇ ಒತ್ತಿದೆ. ಬಹಳ ಹೊತ್ತು ನೋಡಿದೆ ಅವ್ವಾ, ಇಲ್ಲ ಅಂತ ಒತ್ತಲು ಬೆರಳು ಬರಲಿಲ್ಲ. ಸರ್‌ಗೆ ಹೇಳಬೇಡ.

ತಾಳಿಕೋಟಿ
ಶುಕ್ರವಾರ

ನಸ್ರೀನಾ,

ವಾಲೈಕುಂ ಸಲಾಂ. ಕಾಗದ ಮುಟ್ಟಿತು. ಮೈಬೂಬ ಮಾತ ಉಳಿಸಿಕೊಂಡ. ನಿಮ್ಮಕ್ಕ ಇಣಿಕಿ ನೋಡಾಕ ಬಂದಿದ್ಲು, ಓಡಿಸೇನಿ. ನಿನ್ನಿ ರಾತ್ರಿ ಹಿಡದಾಕಿ ಇವತ್ತ ಮುಂಜಾನಿ ಓದಿ ಮುಗಿಸಿದೆ. ಫೋನ್ ಯಾಕ ಮಾಡಲಿಲ್ಲಂದ್ರ, ಫೋನಿನ್ಯಾಗ ನೀ ನನಗ ಮಾತಾಡಾಕ ಬಿಡೂದಿಲ್ಲ. ಸಿಂದಗಿ ಬಸ್ಸಿನ ಡ್ರೈವರ್ ಶಮಶುದ್ದೀನ ಇಲ್ಲೇ ನಮ್ಮ ಓಣಿಯಾಂವ, ಅವನ ಕೈಲೆ ಕಳಸಾಕತ್ತೇನಿ.

ನಾಕೂ ಊರಾಗ ಒಬ್ಬಾಕಿಗೂ ತಿಳೀಲಿಲ್ಲೇನ? ಕೌದಿಗೆ ತುತ್ತು ಯಾರ ಕೊಡ್ತಾರ? ಯಾರ ಮನ್ಯಾಗ ಅದನ್ನ ಹೊಚ್ಚಿಕೊಳ್ತಾರೋ ಆ ಮನಿಯಾಕಿ ಕೊಡ್ತಾಳ. ಹೊಲಿಗಿ ಹಾಕಿದಾಕಿ ಕೊಡೂದಲ್ಲ. ಪುಣೆದಾವ್ರು ಹೊಚ್ಚಿಕೊಳ್ಳು ಕೌದಿಗೆ ಬಾಗೇವಾಡಿ ಬೀಗರ ಹೋಳಗಿ ಯಾಕ ಬೇಕು? ತಗದದ್ದು ಛಲೋ ಆತು. ಆ ಶಂಕ್ರೆವ್ವ ಖಾಲಿ ಮುಚ್ಚೂದಿಲ್ಲ ಅಂದದ್ದೂ ಖರೇ ಐತಿ. ಅದಕ್ಕ ಬಾಯಿ ಮುಚ್ಚಬ್ಯಾಡ್ರಿ. ಅಂಚು ಚಂದಂಗ ಮಡಚಿ, ಬಾಯಿ ಹಂಗ ಬಿಟ್ಟು, ಅಲ್ಲೊಂದು ಸೂಜಿ ದಾರ ಸಿಗಿಸಿ ಕಳಸ್ರಿ. ಯಾರು ಕೊಳ್ತಾರೋ ಅವ್ರು ಮನಿಗೆ ಒಯ್ದು ತಮ್ಮ ಕೈಲೆ ಏನರ ಇಟ್ಟು ಮುಚ್ಚಿಕೊಳ್ಳಲಿ. ರೊಟ್ಟಿ ಇಡಲಿ, ಕೊಬ್ಬರಿ ಇಡಲಿ. ಇರಿವಿ ಬಂದ್ರ ಅವ್ರ ಮನಿ ಇರಿವಿ.

ಅವ್ರಿಗೆ ಬಾಯಿ ಮುಚ್ಚಾಕ ಬರೂದಿಲ್ಲ ಅನಬ್ಯಾಡ. ನಿನ್ನ ಡಬ್ಬಿ ಇರೂದು ಎದಕ್ಕ? ನಾ ಮುಚ್ಚಿ ತೋರಸ್ತೇನಿ, ನೀ ವಿಡಿಯೋ ಹಿಡದು ಹಂತ ಮಾಡಿ ಪುಣೆಕ್ಕ ಕಳಸು. ನಿಮ್ಮ ಸಾಹೇಬ ಇದಾಗೂದಿಲ್ಲಂತ ಕುಣೀತಾನ, ಕುಣೀಲಿ. ಸೋಮವಾರ ಆ ಪುಣೆದಾಕಿ ಮುಂದ ನಾನ ಕುಂತು ಹೇಳ್ತೇನಿ. ಒಪ್ಪಿದ್ರ ಒಪ್ಪಲಿ, ಇಲ್ಲಂದ್ರ ಇನ್ನೊಬ್ರ ಸಿಗ್ತಾರ. ನೀ ಹೆದರಬ್ಯಾಡ.

ನಾಳಿ ಮುಂಜಾನಿ ಬಸ್ಸಿಗೆ ನಾ ಸಿಂದಗಿಗೆ ಬರೂದಿಲ್ಲ, ಮುದ್ದೇಬಿಹಾಳಕ್ಕ ಹೊಂಟೇನಿ. ಆ ಶಂಕ್ರೆವ್ವನ್ನ ಮೊದಲ ನೋಡಬೇಕು. ನೀ ಟ್ಯಾಬ್ ತಗೊಂಡು ಅಲ್ಲಿಗೇ ಬಾ. ಬರೂಮುಂದ ಟ್ರಂಕಿನ್ಯಾಗಿನ ಹಸರ ಸೀರಿ ತಗೊಂಬಾ. ಪಲ್ಯಾ ಮಾಡಬ್ಯಾಡ.

ನಿಮ್ಮವ್ವ,
ಸಗೀರಾ

ತಾ.ಕ.: ಸಾಹೇಬಗ ಹೇಳೂದಿಲ್ಲ. ನೀನೂ ಒಂದು ಮಾತ ಶಂಕ್ರೆವ್ವನ ಮುಂದ ಹೇಳಬ್ಯಾಡ. ಆವತ್ತ ವಿಡಿಯೋ ಹಿಡದ ಕೌದಿ ಯಾರ ಮನಿದೂ ಅಲ್ಲ, ಸಂಘದ್ದು. ಅದಕ್ಕ ತುತ್ತು ಇಡೂ ಪದ್ಧತಿನ ಇಲ್ಲ. ನಿನ್ನ ಡಬ್ಬಿ ಕೆಲಸ ಅಷ್ಟ ಇಟಗೊಂಡು ನನ್ನ ತಗದ ಒಗೀತೈತೇನೋ ನೋಡೂಣಂತ ಬೇಕಂತನ ಇಟ್ಟಿದ್ದೆ. ನೀ ಒಗೀಲಿಲ್ಲಂತ ಇವತ್ತ ಗೊತ್ತಾತು.